ಧನ್ಯಾಳ ಮದುವೆ ತಪ್ಪಿಸಿದ ಹಾಡು

ಅತ್ತೆಯ ಬೆನ್ನುನೋವಿಗೆ ಗಟ್ಟಿ ಹಾಸಿಗೆಯೇ ಆಗಬೇಕೆಂದು ಡಾಕ್ಟರು ಹೇಳಿದ್ದಕ್ಕೆ ಮೊನ್ನೆ ಹಾಸಿಗೆ ಅಂಗಡಿಗೆ ಹೋಗಿದ್ದೆ. ಅಂಗಡಿಯವ ನನ್ನನ್ನು ಒಂದೊಂದೇ ಹಾಸಿಗೆಯ ಮೇಲೆ ಕೂರಿಸಿ, ಏಳಿಸಿ, ಮತ್ತೆ ಕೂರಿಸಿ ತಲೆ ತಿಂದ. ನನಗೋ ಕೋಪ ಮೂಗಿನ ತುದಿಯಲ್ಲೇ. ಇನ್ನೇನು ಎದ್ದು ಬರಬೇಕು ಅನ್ನುವಾಗ ಅವನು ಒಳಗಿನಿಂದ ತೆಂಗಿನ ನಾರಿನ ಹಾಸಿಗೆಯೊಂದನ್ನು ಎಳೆದು ತಂದು ಅದರ ಪ್ಲಾಸ್ಟಿಕ್ ಹರಿದ. ನಾರು, ರಬ್ಬರಿನ ಹಾಲು, ಅಂಟು ಎಲ್ಲ ಸೇರಿದ ಆ ವಾಸನೆ ಬಂತು ನೋಡಿ, ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ. ಸುಮ್ಮನೆ ಅದರ ಮೇಲೆ ಕುಳಿತುಬಿಟ್ಟೆ. ಗಿರಾಕಿಗೆ ಹಿಡಿಸಿತು ಅಂತ ಅವನಿಗೆ ಖುಷಿ. ಒಂದು ಮಳೆಗಾಲ ಇಡೀ ಬೈಕಂಪಾಡಿಯ ಶೆಡ್ಡಿನಲ್ಲಿ ಬೇಸ್ ಗಿಟಾರ್ ಹಿಡಿದುಕೊಂಡು ನಾನು ಉಸಿರಾಡಿದ್ದು ಇದೇ ವಾಸನೆಯನ್ನು ಅಂತ ಹೇಳಿದ್ದರೆ ಅವನಿಗೆ ಎಂತ ಅರ್ಥವಾಗುತ್ತಿತ್ತು?

ಆಗ ನನಗೆ ಮದುವೆಯಾಗಿರಲಿಲ್ಲ. ಬಂದರಿನ ಹತ್ತಿರ ಹಡಗಿನ ಸರಕು ಬಿಡಿಸಿಕೊಡುವ ಒಬ್ಬ ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿ ಕೆಲಸ, ಸಂಜೆ ಕೆಲಸ ಬಿಟ್ಟ ಮೇಲೆ ಮೆಟಲ್ ಬ್ಯಾಂಡು, ಅಂದರೆ ಕಿರುಚಿ ಹಾಡುವ ರಾಕ್ ಸಂಗೀತ. ಮನೆಯಲ್ಲಿ ಗಿಟಾರ್ ಕ್ಲಾಸ್ ಅಂತ ಹೇಳಿದ್ದೆ. ಪೂರ್ತಿ ಸುಳ್ಳೇನೂ ಅಲ್ಲವಲ್ಲ. ಬ್ಯಾಂಡಿನಲ್ಲಿ ನಾವು ಮೂರೇ ಜನ. ಹಾಡುವುದು, ಗಿಟಾರ್ ಬಾರಿಸುವುದು, ಹಾಡು ಬರೆಯುವುದು ಎಲ್ಲ ಧೀರಜ್. ಅವನು ಕೂಳೂರಿನವನು, ಎ.ಸಿ. ರಿಪೇರಿ ಮಾಡುವವನು. ಮಳೆಗಾಲದಲ್ಲಿ ಊರೆಲ್ಲ ತಂಪಾದರೆ ಅವನಿಗೆ ಕೆಲಸ ಇಲ್ಲ. ಡ್ರಮ್ಸಿಗೆ ರೊಯ್, ಇಗರ್ಜಿಯ ಗಾಯನ ಮಂಡಳಿಯಲ್ಲಿ ಬೆಳೆದವನು. ಆದಿತ್ಯವಾರ ಬೆಳಿಗ್ಗೆ ದೇವರಿಗೆ ಹಾಡಿ ಸಂಜೆ ನಮ್ಮ ಹತ್ತಿರ ಬಂದು ಡ್ರಮ್ಮಿಗೆ ಬಡಿಯುವುದು. ಬೇಸ್ ನಾನು. ಮೂವರೂ ಮಾತಾಡುತ್ತಿದ್ದದ್ದು ತುಳುವಿನಲ್ಲೇ, ಬರೆಯುವಾಗ ಮಾತ್ರ ಕನ್ನಡ ಮಾಡುತ್ತಿದ್ದೇನೆ.

ಶೆಡ್ಡು ಧೀರಜನ ಗಂಗಾಧರ ಮಾವನದ್ದು, ಅಂದರೆ ಅವನ ಅಮ್ಮನ ಅಣ್ಣನದ್ದು. ಮಸ್ಕತ್ತಿನಲ್ಲಿ ದುಡಿದು ಬಂದು ನಾರಿನ ಹಾಸಿಗೆ ಮಾಡಲಿಕ್ಕೆ ಸುರು ಮಾಡಿದ್ದರು. ಸಂಜೆ ಕೆಲಸದವರು ಹೊರಟ ಮೇಲೆ ಜಾಗ ನಮ್ಮದು. ಗೋಡೆಗೆ ಒರಗಿಸಿಟ್ಟ ಹಾಸಿಗೆಗಳು ಹೊರಗೆ ಶಬ್ದ ಹೋಗದ ಹಾಗೆ ತಡೆಯುತ್ತಿದ್ದವು. ಆದರೆ ಒಳಗೆ ಬರುವ ಶಬ್ದವನ್ನು ಯಾರು ತಡೆಯುವುದು? ಜೂನಿನ ಮಳೆ ತಗಡಿನ ಮಾಡಿಗೆ ಬಿದ್ದರೆ ನಮ್ಮ ಸ್ಪೀಕರುಗಳೆಲ್ಲ ಅದರ ಮುಂದೆ ಸೊಳ್ಳೆ. ಊರಿನವರ ಕಿವಿ ಕಿತ್ತುಬಿಡುತ್ತೇವೆ ಅಂತ ಹೊರಟ ನಾವು, ಮಳೆ ಒಮ್ಮೆ ಬಿಡಲಿ ಅಂತ ಹಾಸಿಗೆಯ ಮೇಲೆ ಕಾಲು ಚಾಚಿ ಕಾಯುತ್ತಿದ್ದೆವು.

ಕಾಯುವಾಗ ರೊಯ್‌ನ ಲ್ಯಾಪ್‌ಟಾಪಿನಲ್ಲಿ ದೆವ್ವದ ಸಿನಿಮಾ. ಹೊತ್ತು ಕಳೆಯಲಿಕ್ಕೆ ಅಂತ ತಿಳಿಯಬೇಡಿ, ಧೀರಜನ ಲೆಕ್ಕದಲ್ಲಿ ಅದು ಪಾಠ. ಮೆಟಲ್ ಹಾಡು ಕಟ್ಟುವವನಿಗೆ ದೆವ್ವದ ಸಿನಿಮಾಕ್ಕಿಂತ ದೊಡ್ಡ ಗುರು ಬೇರೆ ಇಲ್ಲ ಅಂತ ಅವನ ವಾದ. ನಡುನಡುವೆ ನಿಲ್ಲಿಸಿ ತೋರಿಸುತ್ತಿದ್ದ. ನೋಡು, ದೆವ್ವ ಇನ್ನೂ ಬಂದೇ ಇಲ್ಲ, ಬರೀ ಒಂದು ಬಾಗಿಲು ತೋರಿಸಿದ್ದಾನೆ, ನೀನಾಗಲೇ ಕಾಲು ಮೇಲೆ ಎತ್ತಿಕೊಂಡಾಯಿತು. ಹಾಡಿನಲ್ಲೂ ಹಾಗೇ, ಮೊದಲೇ ಎಲ್ಲ ಗಿಟಾರ್ ಬಿಟ್ಟುಬಿಡಬಾರದು. ಒಂದೇ ತಂತಿ, ನಿಧಾನವಾಗಿ, ಯಾರೋ ಮೆಟ್ಟಿಲು ಹತ್ತಿ ಬರುವ ಹಾಗೆ. ಆಮೇಲೆ ಎಲ್ಲವನ್ನೂ ನಿಲ್ಲಿಸಬೇಕು. ಕೇಳುವವರು ಅಬ್ಬಾ ಅಂತ ಉಸಿರು ಬಿಡಬೇಕು, ಅಷ್ಟರಲ್ಲಿ ಕಿರುಚಬೇಕು. ರೊಯ್ ಅದನ್ನೇ ಸ್ವರದಲ್ಲಿ ಹೇಳುತ್ತಿದ್ದ. ಸಾ ಹಿಡಿದು ಹೊರಟವನು ಪಾ ಮುಟ್ಟುವ ಮೊದಲೇ ಅರ್ಧ ಸ್ವರ ಹಿಂದೆ ನಿಂತುಬಿಟ್ಟರೆ ಸಾಕಂತೆ, ಕೇಳುವವನಿಗೆ ಸೀನು ಬಂದು ಮೂಗಿನಲ್ಲೇ ನಿಂತ ಹಾಗೆ ಆಗುತ್ತದೆ. ಹೆದರಿಸುವ ಸಿನಿಮಾದವರೂ ಹೆದರಿಸುವ ಹಾಡಿನವರೂ ಬದುಕುವುದು ಆ ಅರ್ಧ ಸ್ವರದಲ್ಲಿ.

ನನ್ನ ತಕರಾರು ಬೇರೆ. ಯಾವ ಸಿನಿಮಾ ಹಾಕಿದರೂ ದೆವ್ವ ಹೆಂಗಸೇ. ಬಿಳಿ ಸೀರೆ, ಬಿಚ್ಚಿದ ಕೂದಲು, ಯಾರ ಮೇಲೋ ಸೇಡು. ಗಂಡಸರು ಸತ್ತರೆ ಸೀದಾ ಸ್ವರ್ಗಕ್ಕೆ ಟಿಕೆಟ್ ಉಂಟಾ ಅಂತ ಕೇಳಿದರೆ ಇಬ್ಬರೂ ನಗುತ್ತಿದ್ದರು.

ಅಲ್ಲಿಯವರೆಗೆ ನಾವು ಇಂಗ್ಲಿಷಿನಲ್ಲಿ ಹಾಡು ಬರೆಯುತ್ತಿದ್ದೆವು. ನಮ್ಮ ಇಂಗ್ಲಿಷು ದೆವ್ವಕ್ಕಿಂತ ಭಯಂಕರ ಇತ್ತು. ಆ ಮಳೆಗಾಲ ಧೀರಜ್ ಮೊದಲ ಬಾರಿಗೆ ಕನ್ನಡದಲ್ಲಿ ಬರೆದ. ಹಾಡಿನ ಹೆಸರು ಹಿಂಬಾಗಿಲು. ಸತ್ತ ಹುಡುಗಿಯೊಬ್ಬಳು ಮಳೆಯಲ್ಲಿ ನೆನೆದುಕೊಂಡು ಮನೆಯ ಹಿಂಬಾಗಿಲಿಗೆ ಬರುತ್ತಾಳೆ, ಒಳಗಿದ್ದವರನ್ನು ಒಬ್ಬೊಬ್ಬರನ್ನಾಗಿ ಮುಗಿಸುತ್ತಾಳೆ, ಕಥೆ ಅಷ್ಟೆ. ಪಲ್ಲವಿಯಲ್ಲಿ ಆ ಹುಡುಗಿಯ ಹೆಸರನ್ನು ಕಿರುಚಬೇಕು. ಧೀರಜ್ ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ, ಧನ್ಯಾ ಅಂತ ಕಿರುಚಿದ. ನನ್ನ ಮೈಯೆಲ್ಲ ಮುಳ್ಳೆದ್ದಿತು, ಸುಳ್ಳಲ್ಲ. ಯಾರು ಮಾರಾಯ ಈ ಧನ್ಯಾ ಅಂತ ಕೇಳಿದೆ.

ಅಕ್ಕ ಅಂದ. ಅವಳಿ ಅಕ್ಕ. ಇವನಿಗಿಂತ ಸ್ವಲ್ಪ ಮೊದಲು ಹುಟ್ಟಿದವಳು, ತೊಟ್ಟಿಲಲ್ಲಿರುವಾಗಲೇ ತೀರಿಹೋದವಳು. ಇವನಿಗೆ ನೆನಪಿಲ್ಲ, ಮನೆಯಲ್ಲಿ ಫೋಟೋ ಇಲ್ಲ. ಆಟಿ ತಿಂಗಳು ಬಂದು, ಅಂದರೆ ಆಷಾಢದ ಹೊತ್ತಿಗೆ, ಸತ್ತವರಿಗೆ ಎಲೆ ಹಾಕಿ ಬಡಿಸುವಾಗ ಮಾತ್ರ ಆ ಹೆಸರು ಮನೆಯಲ್ಲಿ ಕೇಳುವುದು. ಕೊನೆಯ ಅಕ್ಷರಕ್ಕೆ ಬಾಯಿ ಪೂರ್ತಿ ತೆರೆದುಕೊಳ್ಳುತ್ತದೆ, ಕಿರುಚಲಿಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ಸಿಗಲಿಕ್ಕಿಲ್ಲ ಅಂದ. ರೊಯ್ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು, ಬೇಡ ಮಾರಾಯ, ಬೇರೆ ಹೆಸರು ಹುಡುಕು ಅಂದ. ನನ್ನ ಅಕ್ಕ, ನನ್ನ ಹಾಡು, ನಿನಗೆ ಎಂತ ಅಂತ ಧೀರಜ್ ಅವನ ಬಾಯಿ ಮುಚ್ಚಿಸಿದ.

ಆ ಹಾಡಿಗೆ ವಿಡಿಯೋ ಮಾಡಿದೆವು. ಬ್ಯಾಂಡಿನಲ್ಲಿದ್ದ ಒಂದೇ ಹೆಣ್ಣು ನಾನು, ಹಾಗಾಗಿ ದೆವ್ವ ಯಾರಾಗಬೇಕು ಅನ್ನುವ ಚರ್ಚೆಯೇ ಬರಲಿಲ್ಲ. ರೊಯ್‌ನ ಮನೆಯ ಬಿಳಿ ಬೆಡ್‌ಶೀಟ್ ಸುತ್ತಿಕೊಂಡು, ಮುಖಕ್ಕೆ ಇಡೀ ಡಬ್ಬಿ ಪೌಡರ್ ಹಚ್ಚಿಕೊಂಡು, ಶೆಡ್ಡಿನ ಹಿಂದಿನ ಕೆಸರಿನಲ್ಲಿ ಬರಿಗಾಲಲ್ಲಿ ನಡೆದೆ. ಮರುದಿನ ಜ್ವರ, ಆಫೀಸಿಗೆ ರಜೆ. ಆದರೆ ವಿಡಿಯೋ ಚೆನ್ನಾಗಿ ಬಂತು. ಅದನ್ನು ನೋಡಿಯೇ ಆಗಸ್ಟಿನಲ್ಲಿ ನಡೆಯುವ ಬ್ಯಾಂಡುಗಳ ಒಂದು ಕಾರ್ಯಕ್ರಮಕ್ಕೆ ನಮ್ಮನ್ನು ಕರೆದರು, ಹೊರ ಊರಿನ ದೊಡ್ಡ ಬ್ಯಾಂಡುಗಳ ಜೊತೆ. ಆ ದಿನ ಕೂಳೂರು ಹೊಳೆಯ ಸಂಕದಲ್ಲಿ ಟ್ಯಾಂಕರುಗಳ ನಡುವೆ ಸ್ಕೂಟರ್ ನಿಲ್ಲಿಸಿಕೊಂಡು ಕಾಯುವಾಗಲೂ ನಾನು ಯಾರಿಗೂ ಬೈಯಲಿಲ್ಲ. ಅಷ್ಟು ಖುಷಿ.

ಒಂದು ವಾರ ಕಳೆಯಿತು. ಶೆಡ್ಡಿಗೆ ಬಂದ ಧೀರಜ್ ಗಿಟಾರನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಅಮ್ಮ ಎರಡು ದಿನದಿಂದ ನನ್ನ ಹತ್ತಿರ ಮಾತಾಡ್ತಾ ಇಲ್ಲ, ಅಡುಗೆ ಮಾಡಿ ಮುಚ್ಚಿಟ್ಟು ಹೋಗಿ ಮಲಗ್ತಾರೆ ಅಂದ. ಎಂತ ಆಯ್ತು ಅಂತ ಇವನಿಗೇ ಗೊತ್ತಿಲ್ಲ. ಗೊತ್ತಾದದ್ದು ಗಂಗಾಧರ ಮಾವ ಕೊಡೆ ಮಡಚಿಕೊಂಡು ಒಳಗೆ ಬಂದ ಮೇಲೆ. ಬಂದವರೇ, ಅಕ್ಕನ ಮದುವೆ ತಪ್ಪಿಸಿದಿಯಲ್ಲ ಅಂತ ಧೀರಜನಿಗೆ ಹೇಳಿದರು.

ಗೊತ್ತಿಲ್ಲದವರಿಗೆ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ತುಳುನಾಡಿನಲ್ಲಿ ಮದುವೆಯಾಗದೆ ಸತ್ತವರಿಗೂ ಪ್ರಾಯ ಆಗುತ್ತದೆ. ತೊಟ್ಟಿಲಲ್ಲೇ ಹೋದ ಮಗು ಅಲ್ಲಿ, ಆ ಕಡೆ, ಬೆಳೆಯುತ್ತಾ ಇರುತ್ತದೆ. ಮದುವೆಯ ಪ್ರಾಯಕ್ಕೆ ಬಂದಾಗ ಮದುವೆ ಮಾಡಿಸಬೇಕು. ಸತ್ತವರನ್ನು ಕುಲೆ ಅನ್ನುತ್ತೇವೆ, ಇದು ಕುಲೆಗಳ ಮದುವೆ, ಮಣೆಯ ಮೇಲೆ ಅವರ ಹೆಸರಿನ ಬಟ್ಟೆ ಇಟ್ಟು ಧಾರೆ ಎರೆಯುವುದು. ಎಲ್ಲ ಮದುವೆಯ ಹಾಗೇ ಇದಕ್ಕೂ ಸಂಬಂಧ ಹುಡುಕುವುದು. ಹುಡುಗಿಗಾದರೆ ಅದೇ ಜಾತಿಯಲ್ಲಿ, ಬೇರೆ ಬರಿಯಲ್ಲಿ, ಅಂದರೆ ಬೇರೆ ಕುಲದಲ್ಲಿ, ಅದೇ ಪ್ರಾಯಕ್ಕೆ ಸರಿಯಾಗಿ, ಮದುವೆಯಾಗದೆ ಸತ್ತ ಹುಡುಗ ಬೇಕು. ಬದುಕಿದ್ದವರಿಗೆ ಗಂಡು ಹುಡುಕುವುದೇ ಸುಲಭ ಅಂತ ಮಾವ ಹೇಳುತ್ತಿದ್ದರು. ಮದುವೆ ಮಾಡಿ ನೋಡು ಅಂತ ಗಾದೆ ಮಾಡಿದವನು ಇದನ್ನು ನೋಡಿರಲಿಕ್ಕಿಲ್ಲ.

ಧೀರಜನ ಅಮ್ಮನಿಗೆ, ನಾವು ಸುಮತಿ ಆಂಟಿ ಅನ್ನುತ್ತಿದ್ದೆವು, ಇದು ಎಷ್ಟೋ ಕಾಲದ ಆಸೆ. ಧೀರಜನಿಗೆ ಮೀಸೆ ಮೂಡಿದಾಗಲೇ ಅವರು ಮಗಳೂ ದೊಡ್ಡವಳಾದಳು ಅಂತ ಅಣ್ಣನ ಹತ್ತಿರ ಹೇಳಿದ್ದರಂತೆ. ಆ ವರ್ಷ ಅಂತೂ ಗಂಡು ಸಿಕ್ಕಿತ್ತು. ಶಕ್ತಿನಗರದ ಮನೆ, ಜಾಗ ಜಮೀನು ಇದ್ದವರು, ಈಗ ಹೋಟೆಲು ನಡೆಸುವವರು. ಹುಡುಗ ಸಂತೋಷ, ನಾಲ್ಕು ವರ್ಷದವನಿರುವಾಗ ಕಾಯಿಲೆ ಬಿದ್ದು ತೀರಿಕೊಂಡವನು. ಬರಿ ಬೇರೆಯೇ ಇತ್ತು, ಜ್ಯೋತಿಷಿಗಳು ಸರಿ ಅಂದರು, ಆಟಿ ತಿಂಗಳಲ್ಲಿ ಧಾರೆ ಅಂತ ಮಾತಾಯಿತು. ಧೀರಜನಿಗೆ ಯಾರೂ ಹೇಳಲಿಲ್ಲ. ಯಾಕೆಂದರೆ ಈ ಮದುವೆಯನ್ನು ಮದುವೆಯಾಗದವರು ನೋಡಬಾರದು, ಅದರ ಮಾತುಕತೆಯಲ್ಲಿ ಕೂರಬಾರದು ಅಂತ ಉಂಟು. ಹಾಗಾಗಿ ಕೂಳೂರಿನ ಮನೆಯ ಅಡುಗೆಕೋಣೆಯಲ್ಲಿ ಅಮ್ಮ ಮಗಳ ಮದುವೆ ಮಾತಾಡುತ್ತಿದ್ದ ಅದೇ ದಿನಗಳಲ್ಲಿ ಮಗ ಬೈಕಂಪಾಡಿಯಲ್ಲಿ ಕೂತು ಆ ಮಗಳ ಕೈಯಲ್ಲಿ ನಾಲ್ಕು ಕೊಲೆ ಮಾಡಿಸುತ್ತಿದ್ದ.

ವಿಡಿಯೋ ಫೋನಿನಿಂದ ಫೋನಿಗೆ ಹಾರಿ ಶಕ್ತಿನಗರಕ್ಕೆ ಹೋಯಿತು. ಹುಡುಗನ ಅಮ್ಮ ಜಲಜಕ್ಕ ಅದನ್ನು ಪೂರ್ತಿ ನೋಡಿದರಂತೆ. ಹುಡುಗಿಯ ಹೆಸರು ಧನ್ಯಾ, ಹಾಡಿದವನು ಹುಡುಗಿಯ ಸ್ವಂತ ತಮ್ಮ. ಈ ಸಂಬಂಧ ನಮಗೆ ಬೇಡ ಅಂತ ಅವತ್ತೇ ಹೇಳಿ ಕಳಿಸಿದರು. ಮಾತು ಮನೆ ಕೆಡಿಸಿತು ಅನ್ನುತ್ತಾರೆ, ಇಲ್ಲಿ ಪದ್ಯ ಕೆಡಿಸಿತು.

ನನಗೆ ಮೊದಲು ಬಂದದ್ದು ಸಿಟ್ಟು. ಹಾಡು ಬೇರೆ, ಮದುವೆ ಬೇರೆ, ಇದೆಲ್ಲ ಎಂತ ಅಂತ ಮಾವ ಹೋದ ಮೇಲೆ ಕೂಗಾಡಿದೆ. ವಿಡಿಯೋ ತೆಗೆದರೆ ಕಾರ್ಯಕ್ರಮ ಹೋಗುತ್ತದೆ. ಬೇಕಾದರೆ ಹೆಸರು ಬದಲಿಸಿ ಹಾಕುವ, ವಿದ್ಯಾ ಅಂತ ಮಾಡು ಅಂತ ಧೀರಜನಿಗೆ ಹೇಳಿದೆ. ಅವನು ಗಿಟಾರಿನ ಚೀಲವನ್ನು ಹೆಗಲಿಗೆ ಹಾಕಿಕೊಂಡ. ರೊಯ್ ಮಾತ್ರ, ನಮ್ಮಲ್ಲಿ ಸತ್ತವರಿಗೆ ಇಗರ್ಜಿಯಲ್ಲಿ ಪೂಜೆ ಉಂಟು, ಮದುವೆ ಇಲ್ಲ, ಆದರೆ ಅವರ ಹೆಸರನ್ನು ಹೀಗೆ ಕರೆಯುವುದು ನಮ್ಮಲ್ಲೂ ಇಲ್ಲ ಅಂದ. ಅದಕ್ಕೂ ನನಗೆ ಸಿಟ್ಟು ಬಂತು.

ಎರಡು ದಿನ ಬಿಟ್ಟು ಜಲಜಕ್ಕನಿಂದ ಮಾವನಿಗೆ ಫೋನು. ಹಾಡಿದವನನ್ನು ಕರಕೊಂಡು ಬನ್ನಿ, ಆ ಬಿಳಿ ಬಟ್ಟೆಯ ಹುಡುಗಿಯನ್ನೂ ಕರಕೊಂಡು ಬನ್ನಿ ಅಂದರಂತೆ. ಸಂಬಂಧ ಹೇಗೂ ಮುರಿದಾಯಿತಲ್ಲ, ಇನ್ನು ಮದುವೆಯಾಗದವರು ಹೋಗಿ ಕೂತರೆ ಎಂತ ಅಂತ ಮಾವನ ಲೆಕ್ಕ. ನಾನ್ಯಾಕೆ ಅಂತ ಕೂಳೂರಿನ ಮನೆಗೆ ಹೋಗಿ ಕೇಳಿದೆ. ಸುಮತಿ ಆಂಟಿ ಆ ವಾರದಲ್ಲಿ ಮೊದಲ ಸಲ ಬಾಯಿ ಬಿಟ್ಟು, ಬಾ ಮಗಾ ಅಂದರು. ಹೋಗದೆ ಇರಲಿಕ್ಕೆ ಆಗುತ್ತದಾ?

ಶಕ್ತಿನಗರದ ಆ ಮನೆಯ ಚಾವಡಿಯಲ್ಲಿ ನಾವು ನಾಲ್ವರು ಸಾಲಾಗಿ ಕುಳಿತೆವು. ನೀರು ಕೊಟ್ಟರು, ಚಾ ತರಲಿಲ್ಲ. ನಮ್ಮ ಕಡೆ ಸಂಬಂಧಕ್ಕೆ ಬಂದವರಿಗೆ ಚಾ ಬರಲಿಲ್ಲ ಅಂದರೆ ಮುಂದಿನದ್ದು ಹೇಳಬೇಕಾಗಿಲ್ಲ. ಗೋಡೆಯಲ್ಲಿ ಹುಡುಗನ ಫೋಟೋ, ಮೂರು ಚಕ್ರದ ಸೈಕಲಿನಲ್ಲಿ ಕುಳಿತು ಯಾರನ್ನೋ ನೋಡಿ ನಗುವುದು. ಜಲಜಕ್ಕ ಎದುರಿನ ಕುರ್ಚಿಯಲ್ಲಿ ಕುಳಿತು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಹೆಣ್ಣು ನೋಡಲಿಕ್ಕೆ ಬಂದವರು ಕೂಡ ಆಮೇಲೆ ನನ್ನನ್ನು ಹಾಗೆ ನೋಡಿಲ್ಲ. ಪೌಡರ್ ಇಲ್ಲದಿದ್ದರೆ ತೊಂದರೆ ಇಲ್ಲ ಅಂತ ತಮ್ಮಷ್ಟಕ್ಕೇ ಹೇಳಿದರು. ಆಮೇಲೆ ಧೀರಜನ ಕಡೆ ತಿರುಗಿದರು.

"ನಮ್ಮ ಸಂತು ಪಾಪದವ," ಅಂದರು. "ಒಬ್ಬರಿಗೆ ಎದುರು ಮಾತಾಡಿದವ ಅಲ್ಲ. ಇಂಥ ಹುಡುಗಿಯ ಕೈಗೆ ಅವನನ್ನು ನಾನು ಹೇಗೆ ಕೊಡುವುದು?"

ನನಗೆ ನಗು ಬಂತು, ಕಷ್ಟದಲ್ಲಿ ನುಂಗಿದೆ. ಅವರ ಮುಖ ನೋಡಿದ ಮೇಲೆ ನಗು ತನ್ನಿಂದ ತಾನೇ ಹೋಯಿತು. ಅವರಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ನಾವು ಮೂವರು ತಿಂಗಳುಗಟ್ಟಲೆ ಸಿನಿಮಾ ನೋಡಿ, ಸ್ವರ ಲೆಕ್ಕ ಹಾಕಿ, ಜನರನ್ನು ಹೆದರಿಸಬೇಕು ಅಂತ ಹೊರಟಿದ್ದೆವಲ್ಲ, ನಮ್ಮ ಹಾಡಿಗೆ ನಿಜವಾಗಿ ಹೆದರಿದವರು ಪ್ರಪಂಚದಲ್ಲಿ ಇವರೊಬ್ಬರೇ. ಹೆದರಿದ್ದು ತನಗಾಗಿ ಅಲ್ಲ, ಮಗನಿಗಾಗಿ.

ಧೀರಜ್ ಏನೇನೋ ಹೇಳಿದ. ಅದು ಸಿನಿಮಾದ ಹಾಗೆ ಕಟ್ಟಿದ ಕಥೆ, ಮೆಟಲ್ ಅಂದರೆ ಹಾಗೇ ಇರುವುದು, ಅದು ಅಕ್ಕ ಅಲ್ಲ, ಹೆಸರು ಮಾತ್ರ ಅಕ್ಕನದ್ದು. ಜಲಜಕ್ಕ ಎಲ್ಲ ಕೇಳಿಸಿಕೊಂಡರು. ಸ್ವಂತ ತಮ್ಮನೇ ಹೀಗೆ ಹೇಳಿದ ಮೇಲೆ ಹುಡುಗಿಯ ಗುಣದ ಬಗ್ಗೆ ಬೇರೆ ಯಾರ ಹತ್ತಿರ ವಿಚಾರಿಸುವುದು ಅಂತ ಕೇಳಿದರು. ಅದೂ ಸರಿಯೇ. ಯಾವ ಮದುವೆಯಲ್ಲಾದರೂ ಹುಡುಗಿ ಹೇಗೆ ಅಂತ ಮನೆಯವರನ್ನೇ ಅಲ್ಲವಾ ಕೇಳುವುದು? ಕೊನೆಗೆ ಅವರು ಕೇಳಿದ್ದು, ಅವಳಿಗೆ ಅಷ್ಟು ಕೋಪ ಬರಲಿಕ್ಕೆ ಯಾರು ಎಂತ ಮಾಡಿದ್ದರು ಅಂತ. ಸಿನಿಮಾದಲ್ಲಾದರೆ ಯಾರೋ ಏನೋ ಮಾಡಿರುತ್ತಾರೆ. ಇಲ್ಲಿ ಯಾರೂ ಏನೂ ಮಾಡಿರಲಿಲ್ಲ.

ಅಲ್ಲಿಯವರೆಗೆ ಸೆರಗು ಹಿಡಿದುಕೊಂಡು ಸುಮ್ಮನೆ ಕುಳಿತಿದ್ದ ಸುಮತಿ ಆಂಟಿ ಮಾತಾಡಿದರು.

"ಕಿರುಚುವುದೆಲ್ಲ ಇವನದ್ದು ಅಕ್ಕಾ. ಹುಟ್ಟಿದ ದಿನದಿಂದ ಇವನದ್ದೇ. ಅವಳು ಅತ್ತದ್ದೇ ಇಲ್ಲ. ಇವನು ಹಾಲು ಕುಡಿದು ಮುಗಿಸುವವರೆಗೆ ಬದಿಯಲ್ಲಿ ಕಣ್ಣು ಬಿಟ್ಕೊಂಡು ಮಲಗ್ತಿದ್ದಳು. ಇಬ್ಬರಿಗೂ ಒಟ್ಟಿಗೇ ಜ್ವರ ಬಂತು. ಇವನು ಮನೆ ಹಾರಿಹೋಗುವ ಹಾಗೆ ಕಿರುಚಿದ, ಇವನನ್ನು ಎತ್ಕೊಂಡು ಆಸ್ಪತ್ರೆಗೆ ಓಡಿದೆವು. ಅವಳು ಸುಮ್ಮನೆ ಮಲಗಿದ್ದಳಲ್ಲ, ಅಜ್ಜಿಯ ಹತ್ತಿರ ಬಿಟ್ಟು ಹೋದೆವು. ಅಳದ ಮಗುವಿಗೆ ಜ್ವರ ಉಂಟು ಅಂತ ಯಾರಿಗೆ ಗೊತ್ತಾಗ್ತದೆ? ಅಂಥ ಪಾಪದ ಹುಡುಗಿ ಅಕ್ಕಾ ಅವಳು."

ಗಂಗಾಧರ ಮಾವ ನೆಲ ನೋಡುತ್ತಿದ್ದರು, ಅವರಿಗೆ ಈ ವಿಷಯ ಗೊತ್ತಿತ್ತು ಅಂತ ಕಾಣುತ್ತದೆ. ಧೀರಜನಿಗೆ ಗೊತ್ತಿರಲಿಲ್ಲ. ಅವನು ಅಮ್ಮನ ಮುಖವನ್ನೇ ನೋಡುತ್ತಿದ್ದ. ಅತ್ತರೆ ಮಾತ್ರ ತಾಯಿ ಹಾಲು ಕೊಡುವುದು ಅಂತ ನಾವೆಲ್ಲ ತಮಾಷೆಗೆ ಹೇಳಿಕೊಂಡು ತಿರುಗುತ್ತೇವೆ. ಆ ದಿನದಿಂದ ನಾನು ಆ ಗಾದೆಯನ್ನು ಬಾಯಿಗೆ ತಂದಿಲ್ಲ. ನನಗೆ ಅಷ್ಟು ದಿನ ಕಾರ್ಯಕ್ರಮ ಕಾರ್ಯಕ್ರಮ ಅಂತ ಹಾರಾಡಿದ್ದೆಲ್ಲ ಮರೆತೇಹೋಯಿತು.

ಜಲಜಕ್ಕ ಎದ್ದು ಒಳಗೆ ಹೋದರು. ಮಾವ ಕೊಡೆಗೆ ಕೈ ಹಾಕಿದರು, ಇನ್ನು ಹೊರಡುವುದೇ ಅಂತ. ಒಳಗಿನಿಂದ ಪಾತ್ರೆಯ ಶಬ್ದ ಬಂತು. ಸ್ವಲ್ಪ ಹೊತ್ತಿನಲ್ಲಿ ಜಲಜಕ್ಕ ಚಾ ಹಿಡಿದುಕೊಂಡು ಬಂದರು, ಜೊತೆಗೆ ಒಂದು ತಟ್ಟೆ ಚಕ್ಕುಲಿ. ಮೊದಲ ಲೋಟ ಸುಮತಿ ಆಂಟಿಯ ಕೈಗೆ ಕೊಟ್ಟರು. ಆಂಟಿ ಲೋಟ ತೆಗೆದುಕೊಳ್ಳುವಾಗ ಚಾ ಸೀರೆಗೆ ಚೆಲ್ಲಿತು. ಜಲಜಕ್ಕ ತಮ್ಮ ಸೆರಗಿನಿಂದಲೇ ಅದನ್ನು ಒರೆಸಿದರು.

ಧೀರಜ್ ಅಲ್ಲೇ ಕೂತು ವಿಡಿಯೋ ತೆಗೆದುಹಾಕಿದ. ಆಗಸ್ಟಿನ ಕಾರ್ಯಕ್ರಮದವರಿಗೆ ಆ ಹಾಡೇ ಬೇಕಿತ್ತು, ಆ ಹಾಡಿಲ್ಲದಿದ್ದರೆ ನಮ್ಮಂಥ ಬ್ಯಾಂಡು ಅವರಿಗೆ ಬೇಕಾದಷ್ಟು. ನಮ್ಮ ಜಾಗಕ್ಕೆ ಬೇರೆಯವರನ್ನು ಹಾಕಿಕೊಂಡರು. ನಾನು ಒಂದು ದಿನ ಅತ್ತೆ, ಮರುದಿನ ಎಂದಿನ ಹಾಗೆ ಬೇಸನ್ನು ಮಳೆಗೆ ನೆನೆಯದ ಹಾಗೆ ಕಸದ ಚೀಲದಲ್ಲಿ ಸುತ್ತಿಕೊಂಡು ಶೆಡ್ಡಿಗೆ ಹೋದೆ.

ಶೆಡ್ಡಿನಲ್ಲಿ ಮಾತು ಕಮ್ಮಿಯಾಗಿತ್ತು. ಧೀರಜ್ ಗಿಟಾರ್ ಬಾರಿಸುವುದು, ಹಾಡುವ ಜಾಗ ಬಂದಾಗ ಮೈಕಿನ ಮುಂದೆ ಸುಮ್ಮನೆ ನಿಲ್ಲುವುದು. ಗಂಟಲು ಸರಿ ಇಲ್ಲ ಅಂತ ಹೇಳಿದ. ಗಂಟಲಿಗೆ ಏನೂ ಆಗಿರಲಿಲ್ಲ. ಕಿರುಚಲಿಕ್ಕೆ ಬಾಯಿ ತೆರೆದರೆ ತಾನು ಆ ತೊಟ್ಟಿಲಲ್ಲಿ ಮಲಗಿದ ಹಾಗೆ ಅನಿಸುತ್ತದೆ ಅಂತ ಒಮ್ಮೆ ರೊಯ್‌ನ ಹತ್ತಿರ ಹೇಳಿದನಂತೆ. ನೀನು ಅಳದೆ ಇದ್ದಿದ್ದರೆ ನಿಮ್ಮ ಅಮ್ಮನಿಗೆ ಇಬ್ಬರೂ ಇರುತ್ತಿರಲಿಲ್ಲ ಮಾರಾಯ ಅಂತ ರೊಯ್ ಹೇಳಿದ. ರೊಯ್ ಹಾಗೆಲ್ಲ ಹೇಳುವವನಲ್ಲ, ಹೇಳಿದ ಮೇಲೆ ಅವನಿಗೇ ನಾಚಿಕೆಯಾಗಿ ಡ್ರಮ್ಮಿನ ಬೋಲ್ಟು ಬಿಗಿಮಾಡಲಿಕ್ಕೆ ಹೊರಟ.

ಆಟಿ ಹುಟ್ಟುವ ಹೊತ್ತಿಗೆ ಧೀರಜ್ ಹಿಂಬಾಗಿಲು ಹಾಡನ್ನು ತಿರುಗಿ ಬರೆದ. ಕೊಲೆ ಇಲ್ಲ, ಹೆಸರೂ ಇಲ್ಲ. ಒಂದು ಹುಡುಗಿ ಮಳೆಯಲ್ಲಿ ಹಿಂಬಾಗಿಲಿನ ಹೊರಗೆ ನಿಂತಿದ್ದಾಳೆ. ಒಳಗೆ ಎಲ್ಲರೂ ಉಣ್ಣುತ್ತಿದ್ದಾರೆ. ಅವಳು ಬಾಗಿಲು ಬಡಿಯುವುದಿಲ್ಲ, ಕರೆಯುವುದಿಲ್ಲ, ಹಾಗಾಗಿ ಯಾರೂ ತೆರೆಯುವುದಿಲ್ಲ. ಮೊದಲು ಕಿರುಚುತ್ತಿದ್ದ ಜಾಗದಲ್ಲಿ ಮೂವರೂ ನಿಲ್ಲಿಸಿಬಿಡುವುದು, ಯಾರೂ ಏನೂ ಬಾರಿಸುವುದಿಲ್ಲ. ಜನ ಕಿರುಚಾಟಕ್ಕೆ ಕಾಯುತ್ತಾರೆ ಅಂತ ರೊಯ್ ಹೇಳಿದ. ಕಾಯಲಿ ಅಂದ ಧೀರಜ್. ಮೊದಲ ಸಲ ಹಾಗೆ ನಿಲ್ಲಿಸಿದಾಗ ನನಗೆ ಆದ ಹೆದರಿಕೆ ಯಾವ ಸಿನಿಮಾದಲ್ಲೂ ಆಗಿರಲಿಲ್ಲ. ಎದ್ದು ಹೋಗಿ ಶೆಡ್ಡಿನ ಬಾಗಿಲು ತೆರೆದು ಹೊರಗೆ ನೋಡಿ ಬಂದೆ.

ಮದುವೆಯ ತಯಾರಿಯಲ್ಲಿ ಧೀರಜ್ ಓಡಾಡಿದ್ದು ನೋಡಬೇಕಿತ್ತು. ಧಾರೆ ನೋಡಲಿಕ್ಕಿಲ್ಲ, ಆದರೆ ಸಾಮಾನು ತರಲಿಕ್ಕೆ ಅಡ್ಡಿ ಇಲ್ಲವಲ್ಲ. ಧಾರೆ ಸೀರೆ ಗಂಡಿನ ಕಡೆಯವರದ್ದು, ಬಳೆ ಮಲ್ಲಿಗೆ ನಮ್ಮ ಕಡೆಯದ್ದು. ಬಳೆಗೆ ನನ್ನನ್ನೂ ಕರಕೊಂಡು ಹೋದ. ಹಸಿರು ಗಾಜಿನ ಬಳೆ ಆರಿಸಿದೆವು. ಅಂಗಡಿಯಾಕೆ, ಯಾವ ಅಳತೆ, ಹುಡುಗಿಯನ್ನು ಕರಕೊಂಡು ಬರಲಿಲ್ಲವಾ ಅಂತ ಕೇಳಿದರು. ನಾನು ತಡವರಿಸಿದೆ. ಧೀರಜ್ ತನ್ನ ಕೈಯನ್ನೇ ಮುಂದೆ ಚಾಚಿ, ಅವಳಿ ನಾವು, ಇದಕ್ಕಿಂತ ಸ್ವಲ್ಪ ಸಣ್ಣದು ಕೊಡಿ ಅಂದ. ಅವರು ಅವನ ಬೆರಳುಗಳನ್ನು ಒಟ್ಟಿಗೆ ಒತ್ತಿ ಹಿಡಿದು ಅಳತೆ ನೋಡಿದರು. ಸ್ಕ್ರೂಡ್ರೈವರ್ ಹಿಡಿದು ಹಿಡಿದು ಒರಟಾದ ಕೈ. ಒಂದು ಬಳೆ ಹಾಕಿಸಿಕೊಂಡು, ತಿರುಗಿಸಿ ನೋಡಿ, ತೆಗೆದು ಕೊಟ್ಟ. ಇದೇ ಅಳತೆ ಸರಿ ಅಂದ.

ಮದುವೆ ಒಂದು ಆದಿತ್ಯವಾರ ಸಂಜೆ, ಕೂಳೂರಿನ ಮನೆಯಲ್ಲಿ. ಶಕ್ತಿನಗರದಿಂದ ದಿಬ್ಬಣ ಎರಡು ಕಾರಿನಲ್ಲಿ ಬಂತು. ಮದುವೆಯಾಗದ ನಮ್ಮನ್ನೆಲ್ಲ ಹಿಂದಿನ ಜಗಲಿಗೆ ಕಳಿಸಿ ಬಾಗಿಲು ಹಾಕಿದರು. ರೊಯ್ ಕೂಡ ಬಂದಿದ್ದ, ಇಸ್ತ್ರಿ ಹಾಕಿದ ಅಂಗಿ ಹಾಕಿಕೊಂಡು. ಮಳೆ ಹನಿಯುತ್ತಿತ್ತು. ಒಳಗಿನದ್ದು ನಮಗೆ ಕೇಳುವುದು ಮಾತ್ರ. ಮದುಮಗಳಿಗೆ ಸೀರೆ ಉಡಲಿಕ್ಕೆ ಸ್ವಲ್ಪ ಹೊತ್ತು ಕೊಡಿ, ಎಂತ ಅವಸರ ಅಂತ ಒಬ್ಬರು ಹೆಂಗಸು ಗದರಿದರು. ಎಲ್ಲರೂ ಸುಮ್ಮನೆ ಕಾದರು. ಆಮೇಲೆ ಮಣೆ ಎಳೆಯುವ ಶಬ್ದ. ಯಾರೋ ಮದುಮಗಳನ್ನು ಎಡಕ್ಕೆ ಕೂರಿಸಿಬಿಟ್ಟರಂತೆ, ಬಲಕ್ಕೆ ಕೂರಿಸಿ ಮಾರಾಯ್ರೆ, ನಿಮಗೆ ಮದುವೆ ಗೊತ್ತಿಲ್ಲವಾ ಅಂತ ಜಲಜಕ್ಕನ ಸ್ವರ ಕೇಳಿತು. ಧೀರಜ್ ನಕ್ಕ. ಬಹಳ ದಿನದ ಮೇಲೆ ಅವನು ನಕ್ಕದ್ದು. ನೀರು ಬಿಡುವ ಶಬ್ದ ಬಂದಾಗ, ಧಾರೆ ಆಯ್ತು ಅಂತ ಒಳಗಿನವರು ಹೇಳುವ ಮೊದಲೇ ಅವನು ಎದ್ದು ನಿಂತಿದ್ದ.

ಊಟಕ್ಕೆ ನಮಗೆ ಬಾಗಿಲು ತೆರೆದರು. ಕೋಳಿ ಸಾರು, ರೊಟ್ಟಿ. ಮದುಮಕ್ಕಳ ಎರಡು ಎಲೆಗೆ ಬಡಿಸಿದ ಮೇಲೆಯೇ ಉಳಿದವರಿಗೆ. ಜಲಜಕ್ಕ ಸ್ವತಃ ಬಂದು ನಮ್ಮ ಎಲೆಗೆ ಸಾರು ಹಾಕಿದರು. ಧೀರಜನ ಎದುರು ನಿಂತು, ಇನ್ನು ಮೇಲೆ ಅವಳ ಬಗ್ಗೆ ಪದ್ಯ ಕಟ್ಟುವುದಾದರೆ ನಮ್ಮಲ್ಲಿ ಕೇಳಿ ಕಟ್ಟು, ಅವಳು ಈಗ ನಮ್ಮ ಮನೆಯ ಹುಡುಗಿ ಅಂದರು. ಆಯ್ತು ಮಾಮಿ ಅಂದ ಧೀರಜ್, ತಲೆ ಎತ್ತದೆ.

ದಿಬ್ಬಣ ಹೊರಡುವ ಹೊತ್ತು ಬಂತು. ಮದುಮಗಳ ಸೀರೆ, ಬಳೆ, ಮಲ್ಲಿಗೆಯನ್ನು ಒಂದು ತಟ್ಟೆಯಲ್ಲಿಟ್ಟು ಜಲಜಕ್ಕ ಎದೆಗೆ ಒತ್ತಿ ಹಿಡಿದುಕೊಂಡಿದ್ದರು. ಧೀರಜ್ ಅವರ ಮೇಲೆ ಕೊಡೆ ಹಿಡಿದ. ಕಾರಿನ ಬಾಗಿಲು ತೆರೆದಾಗ ಸುಮತಿ ಆಂಟಿ ಮಳೆಗೆ ಅಂಗಳಕ್ಕೆ ಇಳಿದು ಬಂದು ಜಲಜಕ್ಕನ ಕೈ ಹಿಡಿದರು. ಅವರು ಅಳುತ್ತಿದ್ದರು, ಮಗಳನ್ನು ಗಂಡನ ಮನೆಗೆ ಕಳಿಸುವ ಎಲ್ಲ ಅಮ್ಮಂದಿರೂ ಅಳುವ ಹಾಗೆ, ನಾಚಿಕೆ ಬಿಟ್ಟು.

"ಹಸಿವಾದ್ರೆ ಬಾಯಿ ಬಿಟ್ಟು ಹೇಳುವವಳಲ್ಲ ಅಕ್ಕಾ ಅವಳು," ಅಂದರು. "ನೀವೇ ಕೇಳಿ ಬಡಿಸಬೇಕು."

"ಕೇಳ್ತೇನೆ," ಅಂದರು ಜಲಜಕ್ಕ. "ದಿನಾ ಕೇಳ್ತೇನೆ."